ಅಕ್ಕನ ಕುತ್ತಿಗೆಯ ಗಂಟು ಕ್ಯಾರೋಟಿಡ್ ಬಾಡಿ ಟ್ಯೂಮರ್ ಅಂತ ಬಂದಿದೆ, ಆಪರೇಶನ್ ಈಗಲೇ ಮಾಡಿಸಬೇಕಾ?

ಕೃಷ್ಣಾತೀರ, ಜಮಖಂಡಿ

ಎಲ್ಲರಿಗೂ ನಮಸ್ಕಾರ. ಅಕ್ಕನಿಗೆ 38 ವರ್ಷ, ಅಂಗನವಾಡಿಯಲ್ಲಿ ಕೆಲಸ. ಎಡಗಡೆ ದವಡೆ ಮೂಲೆಯ ಕೆಳಗೆ ಒಂದು ಗಂಟು ಇದೆ. ನೋವಿಲ್ಲ, ಜ್ವರವಿಲ್ಲ. ಎರಡು ಮೂರು ವರ್ಷದಿಂದ ಇದ್ದದ್ದೇ. ಸೆರಗು ಹೊದ್ದುಕೊಂಡು ಸುಮ್ನೆ ಇದ್ದುಬಿಟ್ಟಿದ್ದಳು. ನೋಡಿದವರೆಲ್ಲ ಟಿಬಿ ಗಂಟು ಅಂದರು. ಕಫ ಪರೀಕ್ಷೆ, ಎಕ್ಸ್‌ರೇ ಎರಡೂ ಸರಿ ಬಂದವು. ಮುಂದೆ ಸೂಜಿ ಪರೀಕ್ಷೆ ಅಂತ ಮಾತಾಗಿತ್ತು. ಅದಕ್ಕೂ ಮೊದಲು ಬಾಗಲಕೋಟೆಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಅಲ್ಲಿನ ಡಾಕ್ಟರು ಕಲರ್ ಡಾಪ್ಲರ್ ಹಾಕಿ ನೋಡಿ, ಗಂಟಿನ ತುಂಬ ರಕ್ತ ಓಡುತ್ತಿದೆ, ಸೂಜಿ ಚುಚ್ಚಿಸಬೇಡಿ ಅಂತ ರಿಪೋರ್ಟಿನಲ್ಲೇ ಬರೆದುಕೊಟ್ಟರು.

ಆಮೇಲೆ ರಕ್ತನಾಳ ತೋರಿಸುವ ಸ್ಕ್ಯಾನ್, ಸಿಟಿ ಆಂಜಿಯೋ, ಆಯಿತು. 3.8 ಸೆಂಟಿಮೀಟರ್ ಇದೆ. ಎರಡು ರಕ್ತನಾಳಗಳ ನಡುವೆ ಕುಳಿತು ಅವನ್ನು ಅಗಲಿಸಿದೆ. ‘ಶಾಂಬ್ಲಿನ್ 2’ ಅಂತ ಬರೆದಿದ್ದಾರೆ. ಒಬ್ಬರು ಬೇಗ ತೆಗೆಸಿ ಅನ್ನುತ್ತಾರೆ. ಇನ್ನೊಬ್ಬರು ಮುಟ್ಟಿದರೆ ಲಕ್ವ ಹೊಡೆಯಬಹುದು, ದನಿ ಹೋಗಬಹುದು ಅನ್ನುತ್ತಾರೆ. ಅಕ್ಕನಿಗೆ ದನಿಯದ್ದೇ ಚಿಂತೆ, ದಿನವಿಡೀ ಮಕ್ಕಳ ಜೊತೆ ಹಾಡಬೇಕು, ಮಾತಾಡಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ಇಎನ್‌ಟಿ ವಿಜಯಪುರ

ಮೊದಲು ಒಂದು ಮಾತು. ಆ ಸ್ಕ್ಯಾನ್ ಡಾಕ್ಟರು ನಿಮಗೆ ದೊಡ್ಡ ಉಪಕಾರ ಮಾಡಿದ್ದಾರೆ. ಈ ಗಂಟನ್ನು ಗುರುತಿಸಲು ಸೂಜಿ ಬೇಕಾಗಿಯೇ ಇಲ್ಲ, ಡಾಪ್ಲರ್ ಮತ್ತು ಸಿಟಿ ಅಥವಾ ಎಂಆರ್‌ಐ ಸಾಕು. ಸೂಜಿ ಚುಚ್ಚಿದವರಿಗೆಲ್ಲ ಅನಾಹುತ ಆಗುತ್ತದೆ ಅಂತಲ್ಲ. ಆದರೆ ರಕ್ತ ಸುರಿಯುವ ಅಪಾಯ ಇದೆ, ಲಾಭ ಏನೂ ಇಲ್ಲ. ಚೂರು ಕತ್ತರಿಸಿ ಬಯಾಪ್ಸಿ ತೆಗೆಯುವುದಂತೂ ಮಾಡಲೇಬಾರದ ಕೆಲಸ.

ಇದು ಏನು ಅಂತ ಸರಳವಾಗಿ ಹೇಳುತ್ತೇನೆ. ಕುತ್ತಿಗೆಯ ದೊಡ್ಡ ರಕ್ತನಾಳ ಕ್ಯಾರೋಟಿಡ್. ದವಡೆಯ ಕೆಳಗೆ ಅದು ಎರಡಾಗಿ ಒಡೆಯುತ್ತದೆ. ಒಂದು ಕವಲು (ಒಳ ಕ್ಯಾರೋಟಿಡ್) ಮಿದುಳಿಗೆ, ಇನ್ನೊಂದು (ಹೊರ ಕ್ಯಾರೋಟಿಡ್) ಮುಖದ ಕಡೆಗೆ. ಆ ಕವಲಿನ ಹಿಂದೆ ಅಕ್ಕಿಕಾಳಿನಷ್ಟು ಒಂದು ಅಂಗ ಎಲ್ಲರಿಗೂ ಇರುತ್ತದೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಉಸಿರಾಟ ಜೋರು ಮಾಡು ಅಂತ ಮಿದುಳಿಗೆ ಸುದ್ದಿ ಮುಟ್ಟಿಸುವುದು ಅದೇ. ಈ ಜಾಗಕ್ಕೂ ಉಸಿರಾಟಕ್ಕೂ ಇರುವ ನಂಟನ್ನು ತೋರಿಸಿಕೊಟ್ಟ ಬೆಲ್ಜಿಯಂನ ಕಾರ್ನೀಲ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಬಂತು. ಆ ಅಂಗವೇ ಬೆಳೆದು ಗಂಟಾದರೆ ಕ್ಯಾರೋಟಿಡ್ ಬಾಡಿ ಟ್ಯೂಮರ್.

ಹೆಚ್ಚಿನವು ನಿಧಾನವಾಗಿ ಬೆಳೆಯುತ್ತವೆ, ಬೇರೆ ಕಡೆ ಹರಡುವುದಿಲ್ಲ. ಸ್ವಲ್ಪ ಜನರಲ್ಲಿ ಮಾತ್ರ ಅಕ್ಕಪಕ್ಕದ ಗ್ರಂಥಿಗೆ ಅಥವಾ ದೂರಕ್ಕೆ ಹೋಗುತ್ತದೆ. ಬೆರಳಿಟ್ಟರೆ ಗಂಟು ಮಿಡಿಯುತ್ತದೆ. ಅಡ್ಡಡ್ಡ ಅಲ್ಲಾಡುತ್ತದೆ, ಮೇಲೆ ಕೆಳಗೆ ಅಲ್ಲಾಡುವುದಿಲ್ಲ. ಟಿಬಿ ಗಂಟು ಹಾಗಿರುವುದಿಲ್ಲ. ನಮ್ಮ ಭಾಗದಲ್ಲಿ ಟಿಬಿ ಜಾಸ್ತಿ, ಹಾಗಾಗಿ ಎಲ್ಲರ ಮನಸ್ಸೂ ಮೊದಲು ಅಲ್ಲಿಗೇ ಹೋಗುತ್ತದೆ.

ನಿಮ್ಮ ಅಕ್ಕನ ವಯಸ್ಸಿಗೆ, ಈ ಗಾತ್ರಕ್ಕೆ, ನನ್ನ ಅಭಿಪ್ರಾಯ ಆಪರೇಶನ್ ಕಡೆಗೇ. ಶಾಂಬ್ಲಿನ್ ಅನ್ನುವುದು 1971ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಿಂದ ಬಂದ ವಿಂಗಡಣೆ. 1 ಅಂದರೆ ಗಂಟು ರಕ್ತನಾಳದಿಂದ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. 2 ಅಂದರೆ ಅರ್ಧ ಸುತ್ತಿಕೊಂಡಿದೆ. 3 ಅಂದರೆ ಪೂರ್ತಿ ನುಂಗಿಕೊಂಡಿದೆ. 2 ಇರುವಾಗ ರಕ್ತನಾಳ ಉಳಿಸಿಕೊಂಡು ತೆಗೆಯುವ ಅವಕಾಶ ಚೆನ್ನಾಗಿದೆ. 3 ಆಗುವವರೆಗೆ ಕಾಯುವುದು ಬೇಡ. ಸಿಟಿಯಲ್ಲಿ ಹೇಳುವ ಅಂಕಿ ಅಂದಾಜು ಅಷ್ಟೇ, ನಿಜ ಗೊತ್ತಾಗುವುದು ಕುತ್ತಿಗೆ ತೆರೆದ ಮೇಲೆ.

ಇಂಡಿ ಲಿಂಬೆ

ಡಾಕ್ಟರೇ, ಎಲ್ಲರಿಗೂ ಆಪರೇಶನ್ ಬೇಕು ಅಂತ ಓದಿದವರು ಅಂದುಕೊಳ್ಳಬಾರದು. ನಮ್ಮ ಕಾಕಾನಿಗೆ ಇದೇ ಗಂಟು. ವಯಸ್ಸು ಎಪ್ಪತ್ತು ದಾಟಿದೆ, ಹೃದಯಕ್ಕೆ ಸ್ಟೆಂಟ್ ಹಾಕಿದೆ. ಗಂಟಿನಿಂದ ಏನೂ ತೊಂದರೆ ಇಲ್ಲ. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸುತ್ತೇವೆ, ಬೆಳೆದದ್ದು ಅಂದರೆ ಒಂದು ಮಿಲಿಮೀಟರ್ ಆಚೀಚೆ. ಡಾಕ್ಟರೇ ಮುಟ್ಟುವುದು ಬೇಡ ಅಂದಿದ್ದಾರೆ. ಕಾಕಾ ಈಗಲೂ ತೋಟಕ್ಕೆ ಹೋಗಿ ಬರುತ್ತಾನೆ.

ಇಎನ್‌ಟಿ ವಿಜಯಪುರ

ನಿಮ್ಮ ಮಾತು ನೂರಕ್ಕೆ ನೂರು ಸರಿ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇದ್ದವರಿಗೆ ಕಾದು ನೋಡುವುದೇ ಒಳ್ಳೆಯ ಚಿಕಿತ್ಸೆ. ಬೆಳೆಯುತ್ತಿದೆ ಆದರೆ ಕತ್ತರಿಸಲು ಆಗುವುದಿಲ್ಲ ಅನ್ನುವವರಿಗೆ ರೇಡಿಯೇಶನ್ ಇದೆ. ಐದು ವಾರದ ಆಸುಪಾಸು ಕೊಡುತ್ತಾರೆ. ಅದರಿಂದ ಗಂಟು ಮಾಯವಾಗುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ. ಅವರಿಗೆ ಅಷ್ಟು ಸಾಕು. 38ರ ಹೆಣ್ಣುಮಗಳಿಗೆ ಲೆಕ್ಕ ಬೇರೆ. ಮುಂದೆ ನಲವತ್ತು ವರ್ಷ ಅದು ಬೆಳೆಯುತ್ತಲೇ ಇರುತ್ತದೆ.

ಇಳಕಲ್ ಮಗ್ಗ

ಲಕ್ವ ಹೊಡೆಯುತ್ತದೆ ಅನ್ನುವುದು ನಿಜವಾ? ನಮ್ಮ ಊರಲ್ಲೂ ಕೊರಳಿನ ಆಪರೇಶನ್ ಅಂದರೆ ಜನ ಹಿಂದೆ ಸರಿಯುತ್ತಾರೆ.

ಓಟಿ ಸಿಸ್ಟರ್, ಬೆಳಗಾವಿ

ಆ ಭಯ ಹಳೆಯ ಕಾಲದ್ದು. ಅದಕ್ಕೆ ಕಾರಣವೂ ಇದೆ. 1880ರಲ್ಲಿ ರೀಗ್ನರ್ ಅನ್ನುವ ಸರ್ಜನ್ ಮೊದಲ ಸಲ ಇದನ್ನು ತೆಗೆದರು, ರೋಗಿ ಉಳಿಯಲಿಲ್ಲ. 1886ರಲ್ಲಿ ಮೈಡ್ಲ್ ತೆಗೆದಾಗ ರೋಗಿ ಬದುಕಿದರು, ಆದರೆ ಅರ್ಧ ಮೈ ಲಕ್ವ ಹೊಡೆದು ಮಾತು ಹೋಯಿತು. ಆಗ ರಕ್ತನಾಳವನ್ನೇ ಕಟ್ಟಿಹಾಕಿ ಗಂಟು ತೆಗೆಯುತ್ತಿದ್ದರು, ಮಿದುಳಿಗೆ ರಕ್ತ ಎಲ್ಲಿಂದ ಹೋಗಬೇಕು? 1940ರಲ್ಲಿ ಗಾರ್ಡನ್ ಟೇಲರ್ ಅವರು ಗಂಟಿಗೂ ರಕ್ತನಾಳದ ಗೋಡೆಗೂ ನಡುವೆ ಒಂದು ಬಿಳಿ ಗೆರೆಯಂಥ ಪದರ ಇದೆ, ಅದನ್ನು ಹಿಡಿದು ಬಿಡಿಸಿದರೆ ನಾಳ ಉಳಿಯುತ್ತದೆ ಅಂತ ತೋರಿಸಿದರು. ಇವತ್ತಿಗೂ ಸರ್ಜನ್‌ಗಳು ಹುಡುಕುವುದು ಅದೇ ಗೆರೆಯನ್ನು. ಈಗ ಪಳಗಿದ ಕೈಯಲ್ಲಿ ಲಕ್ವ ನೂರರಲ್ಲಿ ಒಬ್ಬಿಬ್ಬರಿಗೆ, ದೊಡ್ಡ ಗಂಟಾದರೆ ಸ್ವಲ್ಪ ಜಾಸ್ತಿ. ಇಲ್ಲವೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಾನು ಥಿಯೇಟರಿನಲ್ಲಿ ನಿಂತು ನೋಡಿದ್ದನ್ನು ಹೇಳುತ್ತೇನೆ. ಕಿವಿಯ ಕೆಳಗಿನಿಂದ ಕುತ್ತಿಗೆಯ ಸ್ನಾಯುವಿನ ಅಂಚಿಗೆ ಗೀರು ಹಾಕುತ್ತಾರೆ. ಗಂಟಿಗೆ ಕೈ ಹಾಕುವ ಮೊದಲೇ ಕೆಳಗಿನ ದೊಡ್ಡ ನಾಳ, ಮೇಲಿನ ಎರಡು ಕವಲು, ಮೂರಕ್ಕೂ ಬಣ್ಣದ ರಬ್ಬರ್ ಲೂಪ್ ಸುತ್ತಿಡುತ್ತಾರೆ. ರಕ್ತ ಚಿಮ್ಮಿದರೆ ಆ ಕ್ಷಣಕ್ಕೆ ಎಳೆದು ನಿಲ್ಲಿಸಲು. ಆಮೇಲೆ ನರಗಳನ್ನು ಒಂದೊಂದಾಗಿ ಹುಡುಕಿ ಪಕ್ಕಕ್ಕೆ ಇಡುತ್ತಾರೆ. ನಾಲಿಗೆಯ ನರ ಗಂಟಿನ ಮೇಲ್ಭಾಗದಲ್ಲೇ ಅಡ್ಡ ಹಾಯುತ್ತದೆ. ದನಿಯ ವೇಗಸ್ ನರ ಹಿಂದಿನಿಂದ ಹೋಗುತ್ತದೆ. ಇಷ್ಟಾದ ಮೇಲೆಯೇ ಗಂಟು. ಕರೆಂಟಿನಿಂದ ರಕ್ತ ನಿಲ್ಲಿಸುವ ಸಣ್ಣ ಬೈಪೋಲಾರ್ ಇಕ್ಕಳದಿಂದ ಕೆಳಗಿನಿಂದ ಮೇಲಕ್ಕೆ ಚೂರು ಚೂರೇ ಬಿಡಿಸುತ್ತಾರೆ. ಕವಲಿನ ಹತ್ತಿರ ಬಂದಾಗ ಕೆಲವೊಮ್ಮೆ ನಾಡಿ ಒಮ್ಮೆಲೇ ಇಳಿಯುತ್ತದೆ. ಅರಿವಳಿಕೆ ಡಾಕ್ಟರು ‘ಸರ್, ನಿಲ್ಲಿಸಿ’ ಅನ್ನುತ್ತಾರೆ. ಸರ್ಜನ್ ಕೈ ಎತ್ತುತ್ತಾರೆ. ನಾಡಿ ಏರಿದ ಮೇಲೆ ಮತ್ತೆ ಶುರು. ಯಾರೂ ಅವಸರ ಮಾಡುವುದಿಲ್ಲ.

ತೊಡೆಯನ್ನೂ ತೊಳೆದು ಬಟ್ಟೆ ಹಾಸಿ ರೆಡಿ ಇಡುತ್ತೇವೆ. ಕುತ್ತಿಗೆಯ ಆಪರೇಶನ್‌ಗೆ ತೊಡೆ ಯಾಕೆ ಅಂತ ಮನೆಯವರು ಕೇಳುತ್ತಾರೆ. ನಾಳ ಹರಿದರೆ ಅಥವಾ ಗಂಟಿನ ಜೊತೆ ಒಂದು ತುಂಡು ತೆಗೆಯಬೇಕಾದರೆ, ಕಾಲಿನ ಸಫೀನಸ್ ರಕ್ತನಾಳ ತೆಗೆದು ಅಲ್ಲಿ ಜೋಡಿಸುತ್ತಾರೆ. ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಬೇಕಾದಾಗ ಮಾತ್ರ ಬೇರೆ ದಾರಿ ಇರುವುದಿಲ್ಲ.

ಅದಕ್ಕೇ ಹೇಳುತ್ತೇನೆ ತಮ್ಮಾ, ಆಸ್ಪತ್ರೆ ಆರಿಸುವಾಗ ಊರಿಗೆ ಹತ್ತಿರ ಇದೆಯಾ ಅಂತ ನೋಡಬೇಡ. ರಕ್ತನಾಳ ಜೋಡಿಸುವ ಸರ್ಜನ್ ಅದೇ ದಿನ, ಅದೇ ಥಿಯೇಟರಿನಲ್ಲಿ ಇರುತ್ತಾರಾ ಅಂತ ಕೇಳು. ಫೋನ್ ಮಾಡಿ ಕರೆಸುತ್ತೇವೆ ಅಂದರೆ ಬೇಡ.

ಗೋಕಾಕ ಫಾಲ್ಸ್

ಸಿಸ್ಟರ್ ಹೇಳಿದ ಕೊನೆಯ ಸಾಲು ಎಲ್ಲರೂ ಬರೆದಿಟ್ಟುಕೊಳ್ಳಿ.

ಬಾದಾಮಿ ಮಾಸ್ತರ

ನಾನು ಈ ಆಪರೇಶನ್ ಮಾಡಿಸಿಕೊಂಡವನು. ಬಲಗಡೆ, 5 ಸೆಂಟಿಮೀಟರ್ ಗಂಟು. ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ, ಹಾಗಾಗಿ ನಿಮ್ಮ ಅಕ್ಕನ ಚಿಂತೆ ನನಗೆ ಅರ್ಥವಾಗುತ್ತದೆ.

ನನಗೆ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಡಾಪ್ಲರ್ ಇಲ್ಲದೆ ಸೂಜಿ ಹಾಕಿದ್ದರು. ರಾತ್ರಿಯೊಳಗೆ ಕುತ್ತಿಗೆ ಎದೆಯವರೆಗೆ ನೀಲಿಗಟ್ಟಿತು. ರಿಪೋರ್ಟ್‌ನಲ್ಲಿ ‘ಬರೀ ರಕ್ತ’ ಅಂತ ಬಂತು. ಅಷ್ಟಕ್ಕೆ ಆ ಕಷ್ಟ. ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಸರಿಯಾಗಿ ಗುರುತಿಸಿದರು.

ಆಪರೇಶನ್ ಚೆನ್ನಾಗಿ ಆಯಿತು, ನಾಳ ಉಳಿಯಿತು. ಎಚ್ಚರ ಆದಾಗ ದನಿ ಇರಲಿಲ್ಲ, ಗಾಳಿ ಮಾತ್ರ ಬರುತ್ತಿತ್ತು. ನೀರು ಕುಡಿದರೆ ನೆತ್ತಿಗೆ ಹತ್ತುತ್ತಿತ್ತು. ಗಟ್ಟಿ ಅಂಬಲಿ, ನುಚ್ಚು ಇಳಿಯುತ್ತಿತ್ತು, ತೆಳ್ಳನೆಯದು ಇಳಿಯುತ್ತಿರಲಿಲ್ಲ. ಸ್ಪೀಚ್ ಥೆರಪಿಯವರು ಗದ್ದ ಎದೆಗೆ ತಂದು, ಮುಖವನ್ನು ದುರ್ಬಲ ಇರುವ ಕಡೆಗೆ ತಿರುಗಿಸಿ ನುಂಗುವುದನ್ನು ಕಲಿಸಿದರು. ಅದು ನನ್ನನ್ನು ಉಳಿಸಿತು. ನರ ಕತ್ತರಿಸಿರಲಿಲ್ಲ, ಎಳೆತಕ್ಕೆ ಸೊರಗಿತ್ತು ಅಷ್ಟೇ. ಕೆಲವು ತಿಂಗಳಲ್ಲಿ ದನಿ ಮರಳಿತು. ಈಗ ಹಿಂದಿನ ಬೆಂಚಿಗೆ ಕೇಳುವಂತೆ ಮಗ್ಗಿ ಹೇಳಿಸುತ್ತೇನೆ. ಎತ್ತರದ ಸ್ವರ ಮಾತ್ರ ಮೊದಲಿನಂತೆ ಬರುವುದಿಲ್ಲ, ಭಜನೆಯಲ್ಲಿ ಗೊತ್ತಾಗುತ್ತದೆ.

ಇನ್ನೊಂದು ವಿಷಯ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಊಟಕ್ಕೆ ಕುಳಿತು ರೊಟ್ಟಿಯ ಮೊದಲ ತುತ್ತು ಬಾಯಿಗಿಟ್ಟ ತಕ್ಷಣ ಕಿವಿಯ ಕೆಳಗೆ ದವಡೆಯಲ್ಲಿ ಕರೆಂಟ್ ಹೊಡೆದಂತೆ ನೋವು. ಎರಡನೇ ತುತ್ತಿಗೆ ಕಡಿಮೆ, ನಾಲ್ಕನೆಯದಕ್ಕೆ ಇಲ್ಲ. ಮತ್ತೆ ರಾತ್ರಿ ಊಟಕ್ಕೆ ಕುಳಿತರೆ ಮೊದಲ ತುತ್ತಿಗೆ ಮತ್ತೆ ಅದೇ. ಹುಳಿ ಕಂಡರೇ ಹಿಂಡುತ್ತಿತ್ತು. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಸುಮ್ನೆ ಒಂದು ಹಲ್ಲು ಕೀಳಿಸುವ ಮಟ್ಟಕ್ಕೆ ಬಂದಿದ್ದೆ. ಸರ್ಜನ್ ಅದು ಈ ಆಪರೇಶನ್‌ನಿಂದ ಬರುವುದು, ಹೆದರಬೇಡಿ ಅಂದು ನರದ ನೋವಿನ ಗುಳಿಗೆ ಕೊಟ್ಟರು. ಬರಬರುತ್ತ ಕಡಿಮೆ ಆಯಿತು. ಅಕ್ಕನಿಗೆ ಇದನ್ನು ಮೊದಲೇ ಹೇಳಿಡಿ. ಗೊತ್ತಿದ್ದರೆ ಭಯ ಅರ್ಧ ಇಳಿಯುತ್ತದೆ.

ಕೃಷ್ಣಾತೀರ, ಜಮಖಂಡಿ

ಮಾಸ್ತರ, ನಿಮ್ಮ ಮಾತನ್ನು ಅಕ್ಕನಿಗೆ ಪೂರ್ತಿ ಓದಿ ಹೇಳಿದೆ. ಎರಡು ಸಲ ಓದಿಸಿದಳು. ಕೊನೆಗೆ ‘ದನಿ ಮರಳಿತಲ್ವಾ’ ಅಂದಳು.

ಎಲ್ಲರಿಗೂ ಮರಳುತ್ತದಾ? ಮತ್ತೆ ಒಬ್ಬ ಡಾಕ್ಟರು ಆಪರೇಶನ್ ಹಿಂದಿನ ದಿನ ತೊಡೆಯಿಂದ ತಂತಿ ಹಾಕಿ ಗಂಟಿನ ರಕ್ತ ಬಂದ್ ಮಾಡುತ್ತೇವೆ ಅಂದರು. ಇನ್ನೊಬ್ಬರು ಅದು ಬೇಡವೇ ಬೇಡ ಅಂದರು. ಯಾರ ಮಾತು ಕೇಳಬೇಕು?

ಇಎನ್‌ಟಿ ವಿಜಯಪುರ

ಎಲ್ಲರಿಗೂ ಮರಳುವುದಿಲ್ಲ. ಸುಮಾರು ನಾಲ್ಕೈದು ಜನರಲ್ಲಿ ಒಬ್ಬರಿಗೆ ಯಾವುದಾದರೂ ಒಂದು ನರಕ್ಕೆ ಪೆಟ್ಟು ಬೀಳುತ್ತದೆ. ಅವರಲ್ಲಿ ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸುಧಾರಿಸುತ್ತದೆ. ಉಳಿದವರಿಗೆ ಕಾಯಂ ಆಗಿ ಉಳಿಯುತ್ತದೆ. ದನಿ ಮರಳದಿದ್ದರೆ ಸ್ವರತಂತುವನ್ನು ಒಳಗೆ ತಳ್ಳುವ ಇನ್ನೊಂದು ಸಣ್ಣ ಆಪರೇಶನ್ ಇದೆ, ಮಾತು ಚೆನ್ನಾಗಿ ಆಗುತ್ತದೆ. ಗಂಟು ದೊಡ್ಡದಾದಷ್ಟೂ, ತಲೆಬುರುಡೆಯ ತಳಕ್ಕೆ ಹತ್ತಿರ ಏರಿದಷ್ಟೂ ನರದ ಅಪಾಯ ಜಾಸ್ತಿ. ದನಿಗೆ ಹೆದರಿ ಮುಂದೂಡಿದರೆ ದನಿಯ ಅಪಾಯವೇ ಬೆಳೆಯುತ್ತದೆ. ಅಕ್ಕನಿಗೆ ನಾನು ಹೇಳಬೇಕಾದದ್ದು ಇಷ್ಟೇ.

ತಂತಿ ಹಾಕಿ ರಕ್ತ ಬಂದ್ ಮಾಡುವುದಕ್ಕೆ ಎಂಬೋಲೈಸೇಶನ್ ಅನ್ನುತ್ತಾರೆ. ಅದರ ವಿಷಯದಲ್ಲಿ ಸರ್ಜನ್‌ಗಳಲ್ಲೇ ಎರಡು ಪಂಗಡ. ಗಂಟಿಗೆ ರಕ್ತ ಹೆಚ್ಚಾಗಿ ಹೊರ ಕ್ಯಾರೋಟಿಡ್‌ನ ಕವಲುಗಳಿಂದ ಬರುತ್ತದೆ. ಅವನ್ನು ಒಳಗಿನಿಂದ ಮುಚ್ಚಿದರೆ ರಕ್ತ ಕಡಿಮೆ ಹೋಗುತ್ತದೆ ಅನ್ನುವುದು ಒಂದು ವಾದ. ಮುಚ್ಚಲು ಬಿಟ್ಟ ಕಣ ಜಾರಿ ಮಿದುಳಿಗೆ ಹೋದರೆ ಲಕ್ವ ಅಲ್ಲೇ ಆಗುತ್ತದೆ ಅನ್ನುವುದು ಇನ್ನೊಂದು. ನಾನು 3.8 ಸೆಂಟಿಮೀಟರ್‌ನ 2ನೇ ದರ್ಜೆಗೆ ಅದನ್ನು ಕೇಳುವುದಿಲ್ಲ. 5 ದಾಟಿದ್ದಕ್ಕೆ ಯೋಚಿಸುತ್ತೇನೆ.

ಓಟಿ ಸಿಸ್ಟರ್, ಬೆಳಗಾವಿ

ಡಾಕ್ಟರೇ, ನಾನು ಇಲ್ಲಿ ಸ್ವಲ್ಪ ಬೇರೆ ಹೇಳುತ್ತೇನೆ. ಎಂಬೋಲೈಸೇಶನ್ ಆದ ಕೇಸಿನಲ್ಲಿ ಜಾಗ ಒಣಗಿರುತ್ತದೆ, ನರ ಕಣ್ಣಿಗೆ ಕಾಣುತ್ತದೆ. ಹೀರಿ ತೆಗೆದ ರಕ್ತ ಸೇರುವ ಸಕ್ಷನ್ ಬಾಟಲಿ ನೋಡಿದವರಿಗೆ ಆ ವ್ಯತ್ಯಾಸ ಗೊತ್ತು. ಆದರೆ ಮಾಡಿದ ಮೇಲೆ ಒಂದೆರಡು ದಿನದೊಳಗೆ ಆಪರೇಶನ್ ಆಗಬೇಕು. ತಡವಾದರೆ ಸುತ್ತ ಊದಿಕೊಂಡು ಪದರವೇ ಸಿಗುವುದಿಲ್ಲ. ಕೊನೆಗೆ ಕತ್ತರಿಸುವವರ ಅಭ್ಯಾಸ ಯಾವುದೋ ಅದಕ್ಕೇ ಬಿಡುವುದು ಲೇಸು. ಅವರಿಗೆ ಒಗ್ಗದ್ದನ್ನು ನಾವು ಒತ್ತಾಯಿಸಬಾರದು.

ಇಎನ್‌ಟಿ ವಿಜಯಪುರ

ಆ ಕೊನೆಯ ಮಾತು ಒಪ್ಪಿದೆ.

ಕೃಷ್ಣಾತೀರ ಅವರೇ, ಇನ್ನೊಂದು ಪರೀಕ್ಷೆ ಆಗಿದೆಯಾ ನೋಡಿ: ಮೆಟಾನೆಫ್ರಿನ್. ರಕ್ತದಲ್ಲಿ ಅಥವಾ 24 ಗಂಟೆಯ ಮೂತ್ರದಲ್ಲಿ ಮಾಡುತ್ತಾರೆ. ಕೆಲವೇ ಗಂಟುಗಳು ಅಡ್ರಿನಲಿನ್ ಜಾತಿಯ ಹಾರ್ಮೋನು ಬಿಡುತ್ತವೆ. ಅಂಥವರಿಗೆ ಗೊತ್ತಿಲ್ಲದೆ ಅರಿವಳಿಕೆ ಕೊಟ್ಟರೆ ಟೇಬಲ್ ಮೇಲೆ ಬಿಪಿ ಹುಚ್ಚೆದ್ದು ಏರುತ್ತದೆ. ಮೊದಲೇ ಗೊತ್ತಿದ್ದರೆ ಹತ್ತು ಹದಿನಾಲ್ಕು ದಿನ ಗುಳಿಗೆ ಕೊಟ್ಟು ತಯಾರು ಮಾಡಬಹುದು. ಅಕ್ಕನಿಗೆ ಎದೆಬಡಿತ, ಬೆವರು, ತಲೆನೋವು ಒಟ್ಟಿಗೆ ಬರುತ್ತದಾ ಕೇಳಿ.

ಇಳಕಲ್ ಮಗ್ಗ

ಖರ್ಚಿನ ಬಗ್ಗೆ ಯಾರೂ ಮಾತಾಡಲಿಲ್ಲ.

ಗೋಕಾಕ ಫಾಲ್ಸ್

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಪರ್ಸೆಂಟ್, 1.5 ಲಕ್ಷದ ಮಿತಿ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಮೊದಲು ತೆಗೆದುಕೊಳ್ಳಿ. ಆಸ್ಪತ್ರೆಗೆ ಹೋದ ಕೂಡಲೇ ಅಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಹುಡುಕಿ, ಅಡ್ಮಿಟ್ ಆಗುವ ಮೊದಲು. ಮಂಜೂರಾತಿ ಬರದೆ ಆಪರೇಶನ್ ದಿನ ಗೊತ್ತು ಮಾಡಿಕೊಳ್ಳಬೇಡಿ. ನಾಳ ಜೋಡಿಸಬೇಕಾಗಿ ಬಂದರೆ ಅದಕ್ಕೂ ಮಂಜೂರಾತಿ ಸೇರಿದೆಯಾ ಅಂತ ಬಾಯಿಬಿಟ್ಟು ಕೇಳಿ.

ಕೃಷ್ಣಾತೀರ, ಜಮಖಂಡಿ

ಮೆಟಾನೆಫ್ರಿನ್ ನಾರ್ಮಲ್ ಬಂದಿದೆ. ಬೆಳಗಾವಿಯಲ್ಲಿ ತೋರಿಸಿದೆವು. ವ್ಯಾಸ್ಕ್ಯುಲರ್ ಸರ್ಜನ್, ಕುತ್ತಿಗೆಯ ಸರ್ಜನ್ ಇಬ್ಬರೂ ಸೇರಿ ಮಾಡುತ್ತಾರಂತೆ. ಸಿಸ್ಟರ್ ಹೇಳಿದ ಪ್ರಶ್ನೆ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಚಿತ್ರ ಬರೆದು ತೋರಿಸಿದರು.

ಅಲ್ಲಿ ಒಂದು ಹೊಸ ವಿಷಯ ಬಂತು. ಮನೆಯಲ್ಲಿ ಬೇರೆ ಯಾರಿಗಾದರೂ ಗಂಟು ಇತ್ತಾ ಅಂದರು. ನಮ್ಮ ಅಪ್ಪನಿಗೆ ಇತ್ತು! ಬಲಗಡೆ, ಸಾಯುವವರೆಗೂ ಇತ್ತು. ಅದಕ್ಕೆ ಯಾರೂ ಗಮನ ಕೊಟ್ಟಿರಲಿಲ್ಲ, ಅಪ್ಪ ತೀರಿಕೊಂಡದ್ದು ಬೇರೆ ಕಾರಣಕ್ಕೆ. ಅವ್ವ ಈಗ ಅಳುತ್ತಿದ್ದಾಳೆ. ಅಪ್ಪ ಅವ್ವ ಸೋದರಸಂಬಂಧದಲ್ಲಿ ಮದುವೆಯಾದವರು, ಅದರಿಂದಲೇ ಮಗಳಿಗೆ ಬಂತು ಅಂತ. ಹೌದಾ?

ಇಎನ್‌ಟಿ ವಿಜಯಪುರ

ಅವ್ವನಿಗೆ ಈಗಲೇ ಹೇಳಿ, ಅವರ ಮದುವೆಯಿಂದ ಇದು ಬಂದದ್ದಲ್ಲ. ಸೋದರಸಂಬಂಧದಲ್ಲಿ ಬರುವ ಕಾಯಿಲೆಗಳಿಗೆ ಅಪ್ಪ ಅವ್ವ ಇಬ್ಬರಿಂದಲೂ ಕೆಟ್ಟ ಜೀನ್ ಬರಬೇಕು. ಇದಕ್ಕೆ ಒಂದೇ ಸಾಕು. ಅಪ್ಪ ಯಾರನ್ನೇ ಮದುವೆಯಾಗಿದ್ದರೂ ಮಕ್ಕಳಿಗೆ ಬರುವ ಸಾಧ್ಯತೆ ಅಷ್ಟೇ ಇರುತ್ತಿತ್ತು.

ಆಂಡೀಸ್‌ನಂಥ ಎತ್ತರದ ಬೆಟ್ಟದಲ್ಲಿ ಇರುವವರಿಗೆ ಆಮ್ಲಜನಕ ಕಡಿಮೆಯಾಗಿ ಈ ಗಂಟು ಜಾಸ್ತಿ ಬರುತ್ತದೆ. ನಮ್ಮ ಬಯಲುಸೀಮೆಗೆ ಆ ಕಾರಣ ಹೊಂದುವುದಿಲ್ಲ. ಅಪ್ಪನಿಗೂ ಮಗಳಿಗೂ ಇದ್ದರೆ ಮೊದಲು ಯೋಚಿಸುವುದು ಎಸ್‌ಡಿಎಚ್‌ಡಿ ಅನ್ನುವ ಜೀನ್. 2000ದಲ್ಲಿ ಇದರ ನಂಟು ಗೊತ್ತಾಯಿತು. ಇದಕ್ಕೆ ಒಂದು ವಿಶೇಷ ಇದೆ. ಕೆಟ್ಟ ಜೀನ್ ಅಪ್ಪನಿಂದ ಬಂದರೆ ಗಂಟು ಬರುತ್ತದೆ. ತಾಯಿಯಿಂದ ಬಂದರೆ ಬಹುಪಾಲು ಬರುವುದಿಲ್ಲ. ಅಂದರೆ ಅಕ್ಕನಲ್ಲಿ ಅದೇ ಜೀನ್ ಇದ್ದರೂ ಅವರ ಮಕ್ಕಳಿಗೆ ಗಂಟಿನ ಭಯ ತೀರಾ ಕಡಿಮೆ. ಆದರೆ ಆ ಮಕ್ಕಳಲ್ಲಿ ಗಂಡುಮಗನಿಗೆ ಜೀನ್ ಹೋಗಿದ್ದರೆ, ಅವನ ಮಕ್ಕಳ ಕಾಲಕ್ಕೆ ಮತ್ತೆ ಕಾಣಿಸಿಕೊಳ್ಳಬಹುದು. ನಡುವೆ ಒಂದು ತಲೆಮಾರು ಖಾಲಿ ಇರುವುದರಿಂದ ಮನೆಯವರಿಗೆ ವಂಶದ್ದು ಅಂತ ಹೊಳೆಯುವುದೇ ಇಲ್ಲ.

ಈಗ ನಿಮ್ಮ ವಿಷಯ. ನೀವು ಅದೇ ಅಪ್ಪನ ಮಗ. ನಿಮಗೂ ಅರ್ಧಕ್ಕರ್ಧ ಸಾಧ್ಯತೆ ಇದೆ. ನಿಮ್ಮ ಮಕ್ಕಳಿಗೆ ನೀವೇ ಅಪ್ಪ. ಅಕ್ಕನ ರಕ್ತದಲ್ಲಿ ಜೀನ್ ಪರೀಕ್ಷೆ ಮೊದಲು ಮಾಡಿಸಿ. ಅದು ಪಾಸಿಟಿವ್ ಬಂದರೆ ನೀವೂ ಮಾಡಿಸಬೇಕು. ಅಲ್ಲಿಯವರೆಗೆ ಕುತ್ತಿಗೆಯ ಎರಡೂ ಕಡೆ ಒಂದು ಡಾಪ್ಲರ್ ಮಾಡಿಸಿಕೊಳ್ಳಿ. ನೋವಿಲ್ಲ, ಹೆಚ್ಚು ಖರ್ಚಿಲ್ಲ.

ಅಕ್ಕನ ಬಲಗಡೆಯನ್ನೂ ಸಿಟಿಯಲ್ಲಿ ಸರಿಯಾಗಿ ನೋಡಿದ್ದಾರಾ ಕೇಳಿ. ವಂಶದ್ದಾದರೆ ಎರಡೂ ಕಡೆ ಬರುವುದು ಜಾಸ್ತಿ. ಎರಡೂ ಕಡೆ ಇದ್ದರೆ ಒಟ್ಟಿಗೆ ಕೈ ಹಾಕುವುದಿಲ್ಲ. ಒಂದು ಕಡೆ ಮಾಡಿ, ದನಿಯ ನರ ಉಳಿಯಿತಾ ನೋಡಿ, ಆಮೇಲೆ ಇನ್ನೊಂದರ ಮಾತು. ಎರಡೂ ವೇಗಸ್ ನರ ಕೆಟ್ಟರೆ ಉಸಿರಾಟಕ್ಕೆ ಗಂಟಲಲ್ಲಿ ರಂಧ್ರ ಮಾಡಬೇಕಾಗಬಹುದು. ಎರಡೂ ಕಡೆ ತೆಗೆದವರಿಗೆ ಬಿಪಿ ಹತೋಟಿ ತಪ್ಪಿ ಏರಿಳಿಯುವುದೂ ಉಂಟು.

ಇಂಡಿ ಲಿಂಬೆ

ಇದನ್ನು ಓದಿ ನಮ್ಮ ಕಾಕಾನ ಮಕ್ಕಳಿಗೆ ಫೋನ್ ಮಾಡಿದೆ. ಮೂವರೂ ಡಾಪ್ಲರ್ ಮಾಡಿಸುತ್ತಾರೆ. ಇಷ್ಟು ದಿನ ಯಾರೂ ನಮಗೆ ಈ ಮಾತು ಹೇಳಿರಲಿಲ್ಲ.

ಕೃಷ್ಣಾತೀರ, ಜಮಖಂಡಿ

ಆಪರೇಶನ್ ಆಯಿತು. ಬೆಳಗ್ಗೆ ಒಳಗೆ ಕರೆದುಕೊಂಡು ಹೋದವರು ಮಧ್ಯಾಹ್ನ ದಾಟಿದ ಮೇಲೆ ಹೊರಗೆ ಬಂದರು. ಒಳ ಕ್ಯಾರೋಟಿಡ್ ಪೂರ್ತಿ ಉಳಿದಿದೆ. ಹೊರ ಕವಲಿನ ಒಂದೆರಡು ಕೊಂಬೆ ಕಟ್ಟಬೇಕಾಯಿತಂತೆ. ಕಾಲಿನ ನಾಳ ಬೇಕಾಗಲಿಲ್ಲ. ಎಂಬೋಲೈಸೇಶನ್ ಮಾಡಲಿಲ್ಲ. ಒಂದು ಬಾಟಲಿ ರಕ್ತ ಕೊಟ್ಟರು. ಐಸಿಯುನಲ್ಲಿ ಎಚ್ಚರವಾದಾಗ ಕೈಕಾಲು ಎತ್ತಿಸಿದರು, ಹೆಸರು ಕೇಳಿದರು. ಅಕ್ಕ ತನ್ನ ಹೆಸರು ಹೇಳಿದಳು, ದನಿ ಸ್ವಲ್ಪ ಒಡಕು ಅಷ್ಟೇ. ನಾಲಿಗೆ ಚಾಚು ಅಂದರೆ ಎಡಕ್ಕೆ ವಾಲುತ್ತದೆ. ಊಟ ಮಾಡುವಾಗ ಎಡಗೆನ್ನೆಯಲ್ಲಿ ಅನ್ನ ಉಳಿಯುತ್ತದೆ, ಬೆರಳು ಹಾಕಿ ತೆಗೆಯುತ್ತಾಳೆ. ಇದು ಸರಿಹೋಗುತ್ತದಾ?

ನನ್ನ ಡಾಪ್ಲರ್ ಎರಡೂ ಕಡೆ ಸರಿ ಇದೆ. ಅಕ್ಕನ ಬಲಗಡೆಯೂ ಸರಿ ಇದೆ. ಜೀನ್ ರಿಪೋರ್ಟ್ ಇನ್ನೂ ಬಂದಿಲ್ಲ.

ಇಎನ್‌ಟಿ ವಿಜಯಪುರ

ತುಂಬ ಸಂತೋಷ. ಪೆಟ್ಟಾದ ಕಡೆಗೇ ನಾಲಿಗೆ ವಾಲುತ್ತದೆ, ಅದು ನಾಲಿಗೆಯ ನರದ (ಹೈಪೋಗ್ಲಾಸಲ್) ಎಳೆತ. ಕತ್ತರಿಸಿಲ್ಲ ಅಂತ ಸರ್ಜನ್ ಹೇಳಿದ್ದರೆ ತಿಂಗಳುಗಳಲ್ಲಿ ಸುಧಾರಿಸುವ ಸಾಧ್ಯತೆ ಚೆನ್ನಾಗಿದೆ. ಬಲಗಡೆಯಿಂದ ಅಗಿಯಲು ಹೇಳಿ.

ನಿಮ್ಮ ಡಾಪ್ಲರ್ ಸರಿ ಬಂದರೂ ಜೀನ್ ರಿಪೋರ್ಟ್ ಬಿಡಬೇಡಿ. ಗಂಟು ಮುಂದೆಯೂ ಬರಬಹುದು. ಅಕ್ಕನ ರಿಪೋರ್ಟ್ ಪಾಸಿಟಿವ್ ಬಂದರೆ ಅವರಿಗೆ ಬಲಗಡೆ ಕುತ್ತಿಗೆ, ಎದೆ, ಹೊಟ್ಟೆಯ ಸ್ಕ್ಯಾನ್ ಆಗಾಗ ಬೇಕು, ಇದೇ ಜಾತಿಯ ಗಂಟು ಅಲ್ಲೂ ಬರುತ್ತದೆ. ತೆಗೆದ ಗಂಟಿನ ಬಯಾಪ್ಸಿ ರಿಪೋರ್ಟ್, ಸಿಟಿ ಸಿಡಿ, ಆಪರೇಶನ್ ನೋಟ್ಸ್ ಮೂರನ್ನೂ ಡಿಸ್ಚಾರ್ಜ್ ದಿನವೇ ಕೇಳಿ ಪಡೆದುಕೊಳ್ಳಿ.

ಬಾದಾಮಿ ಮಾಸ್ತರ

ಅಕ್ಕಾರಿಗೆ ಹೇಳಿ: ದಿನಕ್ಕೆ ಕೆಲವು ಸಲ ನಾಲಿಗೆಯಿಂದ ಬಲಗೆನ್ನೆ, ಎಡಗೆನ್ನೆ ಒತ್ತುವ ಅಭ್ಯಾಸ ಮಾಡಲಿ, ಸ್ಪೀಚ್ ಥೆರಪಿಯವರು ತೋರಿಸುತ್ತಾರೆ. ಮೊದಲ ವಾರ ನುಚ್ಚು, ಮೆತ್ತಗಿನ ಅನ್ನ. ಊಟವಾದ ಮೇಲೆ ಬಾಯಿ ಮುಕ್ಕಳಿಸಲಿ. ಮೊದಲ ತುತ್ತಿಗೆ ನೋವು ಬಂದರೆ ಇಲ್ಲೇ ಬರೆಯಿರಿ, ನಾನು ತೆಗೆದುಕೊಂಡ ಗುಳಿಗೆಯ ಚೀಟಿ ಇಟ್ಟಿದ್ದೇನೆ, ನಿಮ್ಮ ಡಾಕ್ಟರಿಗೆ ತೋರಿಸಬಹುದು.